ದಾಸೋಹದ ಗುಳಿಗೆ

ಲಿಂಗಸುಗೂರು
ಶನಿವಾರ, 3 ಡಿಸೆಂಬರ್ 1994

ಮಸ್ಕಿಯ ಹಂಪಣ್ಣನವರಿಗೆ ಕಸ್ತೂರೆಮ್ಮ ಮಾಡುವ ಶರಣು.

ಹೆಂಡತಿಯಾದವಳು ಗಂಡನ ಹೆಸರನ್ನು ಹೀಗೆ ಕಾಗದದ ಮೇಲೆ ಎತ್ತಿ ಬರೆದದ್ದನ್ನು ಕಂಡರೆ ಅತ್ತೆಯವರು ಎದೆ ಬಡಿದುಕೊಂಡಾರು. ಬಡಿದುಕೊಳ್ಳಲಿ ಬಿಡಿ. ಹನ್ನೊಂದು ವರ್ಷ "ಇವರು", "ನಮ್ಮ ಮನೆಯವರು" ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ನಿಮ್ಮ ಪತ್ರ ಬುಧವಾರ ಸಿಂಧನೂರಿನಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಬಂತು. ಎರಡು ಸಲ ಓದಿದೆ. ಇದೇ ಹನ್ನೆರಡನೆಯ ತಾರೀಖು ಸೋಮವಾರ ಮಾವನವರ ಹತ್ತನೆಯ ವರ್ಷದ ಸ್ಮರಣೆಯಂತೆ. ಊರ ಹಿರಿಯರು ನಿಮ್ಮ ಔಷಧದ ಅಂಗಡಿಯ ಮುಂದೆ ಚಪ್ಪರ ಹಾಕಿ, ಶಾಲು ಹೊದಿಸಿ, "ಔಷಧ ದಾಸೋಹಿ" ಎಂದು ಬಿರುದು ಕೊಡುತ್ತಾರಂತೆ. ಆವತ್ತು ನಾನು ಇಳಕಲ್ ಸೀರೆ ಉಟ್ಟು ನಿಮ್ಮ ಪಕ್ಕದಲ್ಲಿ ನಿಲ್ಲಬೇಕಂತೆ, ಜೋಡಿಯಾಗಿ ನಿಂತರೆ ಶೋಭೆಯಂತೆ. "ನೀನು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು, ಇಷ್ಟರಲ್ಲಿ ಸಿಟ್ಟು ಇಳಿದಿರಬೇಕು" ಎಂದೂ ಬರೆದಿದ್ದೀರಿ. ಸಿಟ್ಟು ಯಾವತ್ತೋ ಇಳಿದು ಹೋಗಿದೆ. ಈಗ ಉಳಿದಿರುವುದು ಹೇಸಿಗೆ, ಅದು ಅಷ್ಟು ಬೇಗ ಇಳಿಯುವಂಥದ್ದಲ್ಲ.

ನಾನು ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೇ? ಲಿಂಗಸುಗೂರಿನ ಒಂದು ನರ್ಸಿಂಗ್ ಹೋಮಿನ ವರಾಂಡದ ಬೆಂಚಿನ ಮೇಲೆ. ಒಳಗೆ ಮಂಚದ ಮೇಲೆ ಮಾರೆಮ್ಮ ಇದ್ದಾಳೆ. ನಮ್ಮ ಮಾರೆಮ್ಮನೇ, ಇಪ್ಪತ್ತು ವರ್ಷ ನಿಮ್ಮ ಮನೆಯ ಅಂಗಳ ಸಾರಿಸಿದವಳು. ಎಡಗಾಲು ಹಿಮ್ಮಡಿಯಿಂದ ಮೀನಖಂಡದವರೆಗೆ ಬಾತುಕೊಂಡು ಕರ್ರಗಾಗಿದೆ. ಡಾಕ್ಟರ್ ಕರಿಬಸಯ್ಯನವರು ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ನೋಡಿ, ಕಾಲು ಉಳಿಯುತ್ತದೋ ತೆಗೆಯಬೇಕೋ ಹೇಳುತ್ತೇನೆ ಎಂದಿದ್ದಾರೆ. ಈಗ ಹನ್ನೊಂದೂವರೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೀವು ನನಗೆ ಹೊಸದಲ್ಲ. ದಿನಾ ಹತ್ತು ಜನರ ಕೀವು, ಕಫ, ಮಲವನ್ನು ಮೂಗಿನ ಮುಂದೆ ಇಟ್ಟುಕೊಂಡು ನೋಡಿ, ಕೈ ತೊಳೆದು, ಅದೇ ಮೇಜಿನ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವವಳು ನಾನು. ಆದರೂ ಇವತ್ತು ಬೆಳಿಗ್ಗೆ ನರ್ಸು ನಜಮಾ ಆ ಕಾಲಿನ ಬಟ್ಟೆ ಬಿಚ್ಚಿದಾಗ ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿ ಬಂದೆ. ಮಾರೆಮ್ಮನ ಮಗಳು ಗಾಳೆಮ್ಮ ಮಾತ್ರ ಅಲ್ಲೇ ಕೂತು ಸೆರಗಿನಿಂದ ನೊಣ ಹೊಡೆಯುತ್ತಿದ್ದಳು. "ಅಕ್ಕಾ, ನಮ್ಮವ್ವನ ವಾಸನಿ ನನಗೇನು ಆಗಾಂಗಿಲ್ಲ, ನೀವು ಹೊರಗ ಕುಂದರ್ರಿ" ಎಂದಳು. ನಾಚಿಕೆಯಾಯಿತು.

ಆದದ್ದು ಇಷ್ಟು. ನವೆಂಬರ್ ಮೊದಲ ವಾರ ಇವರ ಕೂಲಿ ಗುಂಪು ತುರ್ವಿಹಾಳಕ್ಕೆ ನೆಲ್ಲು ಕೊಯ್ಯಲು ಹೋಗಿತ್ತು. ಮಾರೆಮ್ಮನ ಹಿಮ್ಮಡಿಗೆ ಕೊಯ್ದ ಕೂಳೆ ಚುಚ್ಚಿತು. ನಾಲ್ಕು ದಿನ ಅರಿಶಿನ ಎಣ್ಣೆ ಹಚ್ಚಿ ಅದೇ ಕಾಲಿನಲ್ಲಿ ಕೆಸರು ತುಳಿದಳು. ಬಾವು ಬಂದ ಮೇಲೆ ಸಿಂಧನೂರಿನ ಡಾಕ್ಟರಿಗೆ ತೋರಿಸಿದರು. ಅವಳಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ. ಹಿಂದೊಮ್ಮೆ ಇಂಜೆಕ್ಷನ್ ಕೊಟ್ಟಾಗ ಮುಖ ಊದಿ ಉಸಿರು ಕಟ್ಟಿದ್ದನ್ನು ನೀವೇ ಕಂಡಿದ್ದೀರಿ. ಅದಕ್ಕೆ ಆ ಡಾಕ್ಟರು ಕೀವನ್ನು ಲ್ಯಾಬಿಗೆ ಕಳಿಸಿ, ಲಿಂಕೊಮೈಸಿನ್ ಕೆಲಸ ಮಾಡುತ್ತದೆ ಎಂಬ ವರದಿ ನೋಡಿ, ಅದೇ ಇಂಜೆಕ್ಷನ್ ಬರೆದುಕೊಟ್ಟರು. ಮಸ್ಕಿಗೆ ಬಂದು ದಿನಕ್ಕೆ ಎರಡರಂತೆ ಹತ್ತು ದಿನ ಚುಚ್ಚಿಸಿಕೊಂಡಳು. ಬಾವು ಇಳಿಯುವ ಬದಲು ಮೇಲಕ್ಕೇರಿತು. ಇಪ್ಪತ್ತೊಂಬತ್ತಕ್ಕೆ ಇಲ್ಲಿಗೆ ಹೊತ್ತು ತಂದರು. ಸಕ್ಕರೆ ಕಾಯಿಲೆ ಇದೆ ಎಂದು ತಿಳಿದದ್ದೂ ಇಲ್ಲಿ ಬಂದ ಮೇಲೆಯೇ.

ನಿನ್ನೆ ನಾನು ಬಂದಾಗ ಗಾಳೆಮ್ಮ ತಾಯಿಯ ತಲೆದಿಂಬಿನ ಕೆಳಗಿನಿಂದ ಒಂದು ಪೇಪರಿನ ಪೊಟ್ಟಣ ತೆಗೆದಳು. ಬಿಚ್ಚಿದರೆ ಕೆಂಪು ಗುಳಿಗೆಯ ಚೂರುಗಳು. ಕೆಲವು ಅರ್ಧ, ಕೆಲವು ಕಾಲು, ಕೆಲವು ಬರೀ ಪುಡಿ. ಮೂಸಿ ನೋಡಿದೆ, ನಾಲಿಗೆಗೆ ತಾಗಿಸಿದೆ. ಎರಿಥ್ರೊಮೈಸಿನ್. ಅದರ ಕಹಿ ಒಮ್ಮೆ ತಿಂದವರು ಮರೆಯುವುದಿಲ್ಲ. ಒಂದು ಚೂರಿಗೆ ಎಲೆ ಅಡಿಕೆಯ ಕಲೆ ಹತ್ತಿತ್ತು. ಕೈಬರಹ ಗುರುತಿಸುವ ಹಾಗೆ ಗುರುತಿಸಿದೆ ನೋಡಿ. ಜಗತ್ತಿನಲ್ಲಿ ಗುಳಿಗೆಯನ್ನು ಅಡಕತ್ತರಿಯಲ್ಲಿ ಕತ್ತರಿಸುವ ಮಹಾನುಭಾವರು ನೀವೊಬ್ಬರೇ!

ಥೂ! ಚೂರು ಹಾಕಿಡುವ ಆ ಡಬ್ಬಿ ಈಗಲೂ ಕಣ್ಣ ಮುಂದಿದೆ. ಅಂಗಡಿಯಲ್ಲಿ ಹಣದ ಗಲ್ಲೆಯ ಪಕ್ಕದ ದೊಡ್ಡ ಬಿಸ್ಕತ್ತಿನ ಡಬ್ಬಿ, ಮೇಲೆ ಮೂರು ಬೆರಳು ವಿಭೂತಿ, ಅದಕ್ಕೊಂದು ಸೇವಂತಿಗೆ ಹಾರ. ಒಳಗೆ ಏನು? ಗಿರಾಕಿಗಳು ಕತ್ತರಿಸಿ ಉಳಿಸಿದ ಪಟ್ಟಿ, ಕಂಪನಿಯವರು ಬಿಟ್ಟುಹೋದ ಸ್ಯಾಂಪಲ್ಲು, ತಾರೀಖು ಮುಗಿದದ್ದು, ಸತ್ತವರ ಮನೆಯಿಂದ "ಯಾರಿಗಾದರೂ ಆಗಲಿ" ಎಂದು ತಂದುಕೊಟ್ಟದ್ದು. ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಸಾಲು. ನೀವು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬರಿಗಾಲಲ್ಲಿ ನಿಂತು ಹಂಚುವುದು. ಬೆರಳಿಗೆ ಎಂಜಲು ಹಚ್ಚಿ ಪೇಪರು ಬಿಡಿಸುವುದು. ಜ್ವರದವರಿಗೂ ಒಂದು ಚೂರು, ಗಾಯದವರಿಗೂ ಒಂದು ಚೂರು, ಕೆಮ್ಮಿದವರಿಗೂ ಒಂದು ಚೂರು. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಳ್ಳುವುದು.

ನಾನು ಬೇಡವೆಂದು ಎಷ್ಟು ಸಲ ಹೇಳಿಲ್ಲ? ಕೊಡುವುದಿದ್ದರೆ ಒಬ್ಬರಿಗೇ ಪೂರ್ತಿ ಕೊಡಿ, ಡಾಕ್ಟರು ಹೇಳಿದ್ದನ್ನು ಕೊಡಿ ಎಂದರೆ ನಿಮ್ಮದು ಒಂದೇ ಮಾತು. "ಒಬ್ರಿಗೆ ಇಪ್ಪತ್ತು ಗುಳಿಗಿ ಕೊಟ್ರ ಉಳಿದಾವ್ರು ಬರಿಗೈಲೆ ಹೋಗ್ತಾರ. ಎಲ್ಲಾರಿಗೂ ಒಂದೊಂದು ಚೂರರ ಸಿಗಲಿ ಬಿಡು." ಅತ್ತೆಯವರು ಒಳಗಿನಿಂದ ಸೇರಿಸುತ್ತಿದ್ದರು, "ಪ್ರಸಾದ ಅಂದಮ್ಯಾಲ ಹೆಚ್ಚು ಕಡಿಮಿ ನೋಡ್ತಾರೇನು? ಬಿಎಸ್ಸಿ ಓದಿ ಬಂದು ಕೊಡೋ ಕೈ ಹಿಡೀತಾಳ ನೋಡು." ಮಾವನವರು ಬರಗಾಲದಲ್ಲಿ ಒಂದು ಹಂಡೆ ಅಂಬಲಿಯನ್ನು ಇಡೀ ಓಣಿಗೆ ಹಂಚಿದ್ದರಂತೆ. ಅವರು ಪುಣ್ಯವಂತರು. ಅಂಬಲಿ ಅರ್ಧ ಲೋಟ ಕುಡಿದರೆ ಅರ್ಧ ಹಸಿವಾದರೂ ಹೋಗುತ್ತದೆ. ಔಷಧದ ಲೆಕ್ಕ ಹಾಗಲ್ಲ ಎಂದು ನಿಮಗೆ ತಿಳಿಸಿ ಹೇಳಲು ನನಗೆ ಹನ್ನೊಂದು ವರ್ಷದಲ್ಲಿ ಆಗಲಿಲ್ಲ. ಈ ವರಾಂಡದಲ್ಲಿ ಕೂತು ಇನ್ನೊಮ್ಮೆ ಪ್ರಯತ್ನಿಸುತ್ತೇನೆ. ಅರ್ಧಕ್ಕೆ ಬಿಡದೆ ಓದಿ.

ರೋಗಾಣು ಬದುಕಬೇಕಾದರೆ ಅದಕ್ಕೆ ಪ್ರೋಟೀನು ಬೇಕು. ಅದನ್ನು ತಯಾರಿಸಲು ಅದರ ಒಳಗೆ ಸಾವಿರಾರು ಪುಟ್ಟ ಗಿರಣಿಗಳಿವೆ, ರೈಬೋಸೋಮ್ ಎನ್ನುತ್ತಾರೆ. ಜೀನಿನಿಂದ ಬಂದ ಬರಹವನ್ನು ಓದುತ್ತಾ ಹೋಗಿ ಪ್ರೋಟೀನನ್ನು ಹೊರಗೆ ಬಿಡುವುದು ಅವುಗಳ ಕೆಲಸ. ಎರಿಥ್ರೊಮೈಸಿನ್, ಅಂದರೆ ಮ್ಯಾಕ್ರೊಲೈಡ್ ಜಾತಿಯ ಔಷಧ, ಹೋಗಿ ಸರಿಯಾಗಿ ಹಿಟ್ಟು ಬೀಳುವ ಬಾಯಲ್ಲಿ ಕೂತುಬಿಡುತ್ತದೆ. ಗಿರಣಿ ಕಟ್ಟಿಕೊಳ್ಳುತ್ತದೆ. ಲಿಂಕೊಮೈಸಿನ್ ಬೇರೆ ಔಷಧ, ಆದರೆ ಕೂರುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ಈಗ ಮುಖ್ಯವಾದದ್ದು. ಕೆಲವು ರೋಗಾಣುಗಳಲ್ಲಿ ಒಂದು ಜೀನ್ ಇರುತ್ತದೆ. ಔಷಧ ಕೂರುವ ಜಾಗಕ್ಕೆ ಒಂದು ಸಣ್ಣ ಗುರುತು ಅಂಟಿಸಿ, ಅಲ್ಲಿ ಔಷಧ ಕೂರದಂತೆ ಮಾಡುವ ಪ್ರೋಟೀನು ಅದರಿಂದ ಬರುತ್ತದೆ. ಆದರೆ ರೋಗಾಣು ಸುಮ್ಮಸುಮ್ಮನೆ ಅದನ್ನು ತಯಾರಿಸುತ್ತಾ ಕೂರುವುದಿಲ್ಲ. ಆ ಬರಹವನ್ನು ಮಡಿಚಿ ಇಟ್ಟಿರುತ್ತದೆ, ಗಿರಣಿಗೆ ಓದಲು ಸಿಗದ ಹಾಗೆ. ಅದರ ಮುಂದೆ ಒಂದು ಪುಟ್ಟ ಸಾಲು ಇದೆ. ಔಷಧ ಇಲ್ಲದಾಗ ಗಿರಣಿ ಆ ಸಾಲನ್ನು ಸರಾಗ ಓದಿ ದಾಟಿಹೋಗುತ್ತದೆ, ಮಡಿಕೆ ಹಾಗೇ ಉಳಿಯುತ್ತದೆ. ಸ್ವಲ್ಪ ಎರಿಥ್ರೊಮೈಸಿನ್ ಬಂದು ಕೂತಾಗ ಗಿರಣಿ ಆ ಪುಟ್ಟ ಸಾಲಿನ ನಡುವೆಯೇ ತಡೆದು ನಿಲ್ಲುತ್ತದೆ. ಅದು ಅಲ್ಲಿ ನಿಂತದ್ದರಿಂದಲೇ ಮಡಿಕೆ ಬಿಚ್ಚಿಕೊಳ್ಳುತ್ತದೆ. ಔಷಧ ಇನ್ನೂ ತಾಗದ ಉಳಿದ ಗಿರಣಿಗಳು ಬಿಚ್ಚಿದ ಬರಹವನ್ನು ಓದಿ ಆ ಪ್ರೋಟೀನು ಮಾಡುತ್ತವೆ. ಎಲ್ಲ ಕಡೆ ಗುರುತು ಬೀಳುತ್ತದೆ. ಆಮೇಲೆ ಎರಿಥ್ರೊಮೈಸಿನ್ನಿಗೂ ಜಾಗವಿಲ್ಲ, ಲಿಂಕೊಮೈಸಿನ್ನಿಗೂ ಜಾಗವಿಲ್ಲ. ಗುಲ್ಬರ್ಗದ ತರಬೇತಿಯಲ್ಲಿ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ, ಕಣ್ಣಿಗೆ ಕಾಣದ ಜೀವಕ್ಕೆ ಎಷ್ಟು ಬುದ್ಧಿ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ.

ಲಿಂಕೊಮೈಸಿನ್ ಒಂದೇ ಹೋದರೆ ಆ ಜೀನ್ ಏಳುವುದಿಲ್ಲ. ಅದನ್ನು ಎಬ್ಬಿಸುವುದು ಎರಿಥ್ರೊಮೈಸಿನ್. ಎಬ್ಬಿಸಲು ಬಹಳ ಬೇಕಾಗಿಯೂ ಇಲ್ಲ, ಒಂದು ಚೂರು ಸಾಕು. ಈ ರೋಗಾಣುವಿಗೆ ನೀವು ಪೂರ್ತಿ ಗುಳಿಗೆ ಕೊಟ್ಟಿದ್ದರೂ ಉಪಯೋಗವಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಡಾಕ್ಟರು ಸಿಂಧನೂರಿನಿಂದ ಸರಿಯಾದ ಔಷಧ ಕೊಟ್ಟು ಕಳಿಸಿದ್ದರು. ಅವಳು ಬೆಳಿಗ್ಗೆ ಆ ಇಂಜೆಕ್ಷನ್ ಚುಚ್ಚಿಸಿಕೊಂಡು, ದಾರಿಯಲ್ಲಿ ನಿಮ್ಮ ಅಂಗಡಿಗೆ ಬಂದು, ನಿಮ್ಮ ಚೂರನ್ನು ನುಂಗುತ್ತಿದ್ದಳು. "ಸೂಜಿ ಜೋಡಿ ಇದೂ ಇರಲಿ, ಜಲ್ದಿ ಆರಾಮ ಆಗ್ತೈತಿ" ಎಂದು ನೀವೇ ಹೇಳಿದಿರಂತೆ. ಅವಳಿಗೆ ಮಾತ್ರ ಸೋಮವಾರವಲ್ಲ, ದಿನವೂ ದಾಸೋಹ. ಮನೆಯ ಆಳು ಎಂಬ ಪ್ರೀತಿ.

ಬುಧವಾರ ಕರಿಬಸಯ್ಯನವರು ಕೀವನ್ನು ಮತ್ತೆ ನಮ್ಮ ಲ್ಯಾಬಿಗೆ ಕಳಿಸಿದರು. ಗಾಜಿನ ತಟ್ಟೆಯಲ್ಲಿ ರೋಗಾಣು ಹರಡಿ, ಔಷಧದಲ್ಲಿ ಅದ್ದಿದ ಕಾಗದದ ಸಣ್ಣ ಬಿಲ್ಲೆಗಳನ್ನು ಇಟ್ಟೆ. ಎರಿಥ್ರೊಮೈಸಿನ್ ಪಕ್ಕದಲ್ಲೇ ಲಿಂಕೊಮೈಸಿನ್. ಮರುದಿನ ನೋಡಿದರೆ, ಲಿಂಕೊಮೈಸಿನ್ ಸುತ್ತ ರೋಗಾಣು ಸತ್ತು ಖಾಲಿ ವೃತ್ತವಾಗಿತ್ತು, ಆದರೆ ಎರಿಥ್ರೊಮೈಸಿನ್ ಕಡೆಯ ಅಂಚು ಮಾತ್ರ ಒಳಕ್ಕೆ ಹೋಗಿ ಚಪ್ಪಟೆ, ಯಾರೋ ಕಚ್ಚಿದ ರೊಟ್ಟಿಯ ಹಾಗೆ. ಜೀನ್ ಎದ್ದಿದ್ದು ಆ ಬದಿಯಲ್ಲಿ. ನಿನ್ನೆ ಬಸ್ಸು ಹತ್ತಿ ನಾನೇ ಇಲ್ಲಿಗೆ ತಂದು ತೋರಿಸಿದೆ. ಡಾಕ್ಟರು ಲಿಂಕೊಮೈಸಿನ್ ನಿಲ್ಲಿಸಿ ಬೇರೆ ಔಷಧ ಶುರುಮಾಡಿದರು. ಮೊದಲ ಸಲದ ವರದಿ ಹೋಗಿದ್ದೂ ನಮ್ಮ ಲ್ಯಾಬಿನಿಂದಲೇ. ಬಿಲ್ಲೆಗಳು ದೂರದೂರ ಇದ್ದರೆ ಈ ಚಪ್ಪಟೆ ಕಾಣುವುದಿಲ್ಲ. ಅದರ ಮಾತು ಈಗ ಬೇಡ.

ನಾಲ್ಕಾಗಲು ಬಂತು. ಡಾಕ್ಟರು ಒಳಗೆ ಹೋದರು.

ಭಾನುವಾರ ಮಧ್ಯಾಹ್ನ

ಇವತ್ತು ಬೆಳಿಗ್ಗೆ ಎಂಟಕ್ಕೆ ಕಾಲು ತೆಗೆದರು, ಮೊಣಕಾಲಿನ ಕೆಳಗೆ. ಇನ್ನೊಂದು ದಿನ ಕಾದಿದ್ದರೆ ಜೀವಕ್ಕೇ ಬರುತ್ತಿತ್ತಂತೆ. ಔಷಧ ಹತ್ತು ದಿನ ಮೊದಲೇ ಕೆಲಸ ಮಾಡಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಸಕ್ಕರೆ ಇದ್ದ ಮೈ, ಖಂಡಿತವಾಗಿ ಹೇಳಲಾಗದು, ಆದರೆ ಉಳಿಯುವ ಸಂಭವವೇ ಹೆಚ್ಚಿತ್ತು ಎಂದರು. ಆ "ಖಂಡಿತವಾಗಿ ಹೇಳಲಾಗದು" ಎಂಬ ಮಾತಿನ ಹಿಂದೆ ನೀವು ಬೇಕಾದರೆ ಅಡಗಿಕೊಳ್ಳಬಹುದು.

ಕತ್ತರಿಸಿದ ಕಾಲನ್ನು ಮನೆಯವರಿಗೇ ಕೊಡುತ್ತಾರೆ, ಗೊತ್ತೇ ನಿಮಗೆ? ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಗಾಳೆಮ್ಮನ ಕೈಗೆ ಕೊಟ್ಟರು. ಅವಳು ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡು ನನ್ನ ಮುಖ ನೋಡಿದಳು. "ಅಕ್ಕಾ, ಇದಕ್ಕ ಮಣ್ಣು ಕೊಡಬೇಕಲ್ಲ, ಅರಿಶಿಣ ಹಚ್ಚಬೇಕೇನ್ರಿ?" ಎಂದು ಕೇಳಿದಳು. ಇಬ್ಬರೂ ಹೋಗಿ ಊರ ಹೊರಗೆ ಹೂತು ಬಂದೆವು. ದಾರಿಯುದ್ದಕ್ಕೂ ನಾಯಿಗಳು ಹಿಂದೆ ಬಂದವು. ಕಲ್ಲು ಹೊಡೆದು ಹೊಡೆದು ನನ್ನ ಕೈ ಸೋತಿತು.

ನನಗೆ ಐದು ತಿಂಗಳಿಗೆ ಬಸಿರು ಇಳಿದಾಗ ಒಂಬತ್ತು ದಿನ ನನ್ನ ಬಟ್ಟೆ ಒಗೆದವಳು ಮಾರೆಮ್ಮ. ಅತ್ತೆಯವರು ಮೈಲಿಗೆ ಎಂದು ಬಾಗಿಲ ಆಚೆ ನಿಂತಿದ್ದರು. ನೀವು ಅಂಗಡಿಯಲ್ಲಿ ಚೂರು ಕತ್ತರಿಸುತ್ತಿದ್ದಿರಿ. ಇನ್ನು ಮೇಲೆ ಅವಳು ನೆಲ್ಲು ಕೊಯ್ಯುವುದು ಹೇಗೆ, ನಾಟಿ ಹಚ್ಚುವುದು ಹೇಗೆ, ನೀರಿನ ಕೊಡ ಹೊರುವುದು ಹೇಗೆ? ನಿಮ್ಮ ದಾಸೋಹದಲ್ಲಿ ಅದಕ್ಕೇನಾದರೂ ಇದೆಯೇ?

ನೀವು ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತಿದವರಲ್ಲ, ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸಿದವರಲ್ಲ. ಊರಿಗೆ ಊರೇ ದೇವರಂಥವ ಎನ್ನುತ್ತದೆ. ಅದನ್ನು ಕೇಳಿ ಕೇಳಿಯೇ ನನಗೆ ಮೈ ಉರಿಯುವುದು. ಕೊಡುವಾಗ ನಿಮ್ಮ ಮುಖದ ಮೇಲೆ ಬರುವ ಆ ತೃಪ್ತಿ ನನಗೆ ಬೇಡ. ತೆಗೆದುಕೊಂಡವರು ಆಮೇಲೆ ಏನಾದರು ಎಂದು ಒಂದು ದಿನವಾದರೂ ವಿಚಾರಿಸಿದ್ದೀರಾ? ಅವರು ತಿರುಗಿ ಬರದಿದ್ದರೆ ಆರಾಮಾದರು ಎಂದು ತಿಳಿದುಕೊಳ್ಳುತ್ತಿದ್ದಿರಿ.

ಹನ್ನೆರಡನೆಯ ತಾರೀಖು ನಾನು ಬರುತ್ತೇನೆ. ಆ ಚಪ್ಪರದ ಕೆಳಗೆ ಶಾಲು ಹೊದೆಯುವ ಮೊದಲು ನೀವೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಬೇಕು, ಈ ಚೂರುಗಳನ್ನು ತಿನ್ನಬೇಡಿ, ಮಾರೆಮ್ಮನ ಕಾಲು ಹೋಗಿದೆ ಎಂದು. ಡಬ್ಬಿಯನ್ನು ಅವರ ಎದುರಿಗೇ ಗುಂಡಿ ತೋಡಿ ಹೂಳಬೇಕು. ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಜೋಡಿಯಾಗಿ ನಿಲ್ಲುವುದೆಂದರೆ ನನಗೆ ಇದೇ.

ನಿಮ್ಮ ಮನೆ ಬಿಟ್ಟು ಬಂದ,
ಕಸ್ತೂರೆಮ್ಮ

ತಾ.ಕ. ಸೋಮವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೊದಲ ಸಲವೂ ಆ ತಟ್ಟೆ ನೋಡಿದವಳು ನಾನೇ. ಬಿಲ್ಲೆಗಳು ದೂರ ಇರಲಿಲ್ಲ, ಪಕ್ಕಪಕ್ಕದಲ್ಲೇ ಇದ್ದವು. ಚಪ್ಪಟೆ ಅಂಚನ್ನು ಕಣ್ಣಾರೆ ಕಂಡೆ. ಚೂರುಗಳನ್ನೂ ಮೊದಲ ಸಲ ಕಂಡದ್ದು ಇಲ್ಲಿ ಅಲ್ಲ. ವರದಿ ಒಯ್ಯಲು ಮಸ್ಕಿಯಿಂದ ಬಂದ ದಿನ ಮಾರೆಮ್ಮ ಸೆರಗಿನ ಗಂಟು ಬಿಚ್ಚಿ, "ಸಾವ್ಕಾರ್ರು ಕೊಟ್ಟು ಕಳಿಸ್ಯಾರ ನೋಡವ್ವ" ಎಂದು ಹೆಮ್ಮೆಯಿಂದ ತೋರಿಸಿದ್ದಳು. ಎರಿಥ್ರೊಮೈಸಿನ್ ಜೊತೆ ಲಿಂಕೊಮೈಸಿನ್ ಕೊಡಬಾರದು ಎಂದು ನಾನು ವರದಿಯಲ್ಲಿ ಒಂದು ಸಾಲು ಬರೆದಿದ್ದರೆ, ಡಾಕ್ಟರು ಅವಳನ್ನು ವಿಚಾರಿಸಿ, ಚೂರು ಕೊಟ್ಟವರು ಯಾರೆಂದು ಕೇಳುತ್ತಿದ್ದರು. ತಿನ್ನಬೇಡ ಎಂದು ಅವಳಿಗೇ ಹೇಳಿದ್ದರೂ ಅವಳು ಹೋಗಿ ಡಾಕ್ಟರನ್ನೇ ಕೇಳುತ್ತಿದ್ದಳು. ನಿಮ್ಮ ಹೆಸರು ಸಿಂಧನೂರಿನ ಬಾಯಿಗೆ ಬೀಳುತ್ತಿತ್ತು. ನಿಮ್ಮನ್ನು ಬಿಟ್ಟು ಬಂದ ಮೇಲೂ ನನಗೆ ಅದು ಬೇಡವಾಗಿತ್ತು. ವೃತ್ತ ಅಗಲವಾಗಿದ್ದ ಕಡೆ ಅಳೆದು "ಕೆಲಸ ಮಾಡುತ್ತದೆ" ಎಂದು ಬರೆದು ಸಹಿ ಹಾಕಿದೆ. ಮೇಲೆ ಬರೆದ ಹೇಸಿಗೆಯಲ್ಲಿ ನನ್ನ ಪಾಲನ್ನು ನಾನು ಇಟ್ಟುಕೊಳ್ಳುತ್ತೇನೆ.

ಈಗ ಹೋಗಿ ಡಾಕ್ಟರಿಗೂ ಹೇಳಿದೆ, ಮಾರೆಮ್ಮನ ಮಂಚದ ಪಕ್ಕ ಕೂತು ಅವಳಿಗೂ ಎಲ್ಲ ಹೇಳಿದೆ, ನಿಮ್ಮದೂ ನನ್ನದೂ. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದೆ. ಅವಳು ನನ್ನ ಕೈ ಹಿಡಿದು, "ಹೋದ ಕಾಲು ಹೋತವ್ವ. ಇದನ್ನ ಸಾವ್ಕಾರ್ರಿಗೆ ಮಾತ್ರ ಬರೀಬ್ಯಾಡ, ಪಾಪ, ಮನಸಿಗೆ ಹಚ್ಕೊಂಡಾರು" ಎಂದಳು.